ದೀಪ ಹಚ್ಚಿದ ಮೇಲಿನ ಹೆಸರು

ಹತ್ತಿರ ಬನ್ನಿ. ಮಕ್ಕಳನ್ನು ಮಡಿಲಿಗೆ ಎಳೆದುಕೊಳ್ಳಿ. ನೀವು ಹೂಂಗುಟ್ಟಿದರೆ ಕಥೆ ನಡೆಯುತ್ತದೆ, ಸುಮ್ಮನಾದಿರೋ, ಅದೂ ದಾರಿಯಲ್ಲೇ ಕೂತುಬಿಡುತ್ತದೆ. ಕಡಲಿಗೆ ಕೈತುಂಬ ಕೊಟ್ಟು, ನಮ್ಮ ನಾಲಿಗೆಗೂ ಒಂದು ಚಿಟಿಕೆ ಉಳಿಸಿದ ತಾಯಿಗೆ ಕೈಮುಗಿದು ಶುರುಮಾಡುತ್ತೇನೆ.

ಒಂದು ಸೀಮೆ. ಯಾವ ಸೀಮೆ ಎಂದು ಕೇಳಬೇಡಿ. ಹೋಗಿಬಂದವರು ದಾರಿ ಹೇಳಲಿಲ್ಲ, ದಾರಿ ಬಲ್ಲವರು ಹೋಗಲಿಲ್ಲ. ಆ ಸೀಮೆಯ ಕಡಲಂಚಿಗೆ ಒಂದು ಊರು. ಊರಿಗೆ ಗದ್ದೆ ಇಲ್ಲ, ತೋಟ ಇಲ್ಲ. ಇದ್ದದ್ದೆಲ್ಲ ಉಪ್ಪಿನ ಆಗರ. ಕಡಲ ನೀರನ್ನು ಸಣ್ಣ ಸಣ್ಣ ಪಾತಿಗೆ ತಿರುಗಿಸಬೇಕು, ಬಿಸಿಲಿಗೆ ಬಿಡಬೇಕು, ತಳದಲ್ಲಿ ಬಿಳಿ ಕೂತಾಗ ಹಲಗೆಯಲ್ಲಿ ಎಳೆದು ರಾಶಿ ಹಾಕಬೇಕು. ಅದೇ ಅವರ ಬೆಳೆ, ಅದೇ ಅವರ ಕುಯಿಲು, ಅದೇ ಅವರ ಹಬ್ಬ.

ಆ ಬಿಳಿಯನ್ನು ಕೊಡುವವಳು ಯಾರು? ಆಗರದಮ್ಮ. ದಿಬ್ಬದ ಮೇಲೆ ಅವಳ ಪುಟ್ಟ ಗುಡಿ. ಊರು ಹುಟ್ಟಿದಾಗ ಅವಳು ಒಂದು ಮಾತು ಹೇಳಿದ್ದಳಂತೆ: "ಹಗಲೆಲ್ಲ ಬಿಸಿಲಲ್ಲಿ ನಿಮ್ಮ ಜೊತೆ ದುಡಿಯುತ್ತೇನೆ. ದೀಪ ಹಚ್ಚಿದ ಮೇಲೆ ಮಲಗುತ್ತೇನೆ. ಆಗ ನನ್ನ ಹೆಸರು ಹಿಡಿದು ಕೂಗಬೇಡಿ."

ಉಪ್ಪೇ ಅಮ್ಮ, ಅಮ್ಮನೇ ಉಪ್ಪು. ಅವಳ ಹೆಸರು ಎಂದರೆ ಅದೇ ಮಾತು. ಹಾಗಾಗಿ ಆ ಊರಲ್ಲಿ ಸಂಜೆದೀಪ ಹಚ್ಚಿದ ಮೇಲೆ ಉಪ್ಪು ಎನ್ನುವಂತಿಲ್ಲ. ಹೆಸರು ಹೇಳದೆ ಕೇಳುವುದು ಹೇಗೆ, ಕೇಳದೆ ಕೊಡುವುದು ಹೇಗೆ? ಕೊಡುವುದೂ ನಿಂತಿತು. ಅಡುಗೆಗೆ ಬೇಕಾದ್ದನ್ನು ಹೊತ್ತು ಮುಳುಗುವ ಮೊದಲೇ ಹಾಕಿಕೊಳ್ಳಬೇಕು. ಮರೆತರೆ ಸಪ್ಪೆ ಸಾರು, ಸಪ್ಪೆ ಮುಖ, ಗಂಡನ ಗೊಣಗಾಟ. ಕಟ್ಟಳೆ ಮುರಿದ ಮನೆಗೆ ಪಾತಿ ಇಲ್ಲ. ಮಡಕೆ ಹೊತ್ತುಕೊಂಡು ಊರು ಬಿಡಬೇಕು.

ಇನ್ನು ಆ ಗುಡಿಯ ಪೂಜಾರಿ ಬೀರಣ್ಣನ ವಿಷಯ ಕೇಳಿ. ಭಕ್ತ ಎಂದರೆ ಭಕ್ತ, ಜಾಗ್ರತೆ ಎಂದರೆ ಜಾಗ್ರತೆ. ಅವನಿಗೊಂದು ಚಿಂತೆ ಹತ್ತಿತು. ಊರಿಗೆ ನಾನಾ ಸೀಮೆಯ ವರ್ತಕರು ಬರುತ್ತಾರೆ. ಅವರು ಅವರ ಭಾಷೆಯಲ್ಲಿ ಅಮ್ಮನ ಹೆಸರು ಕೂಗಿದರೆ? ಅಮ್ಮನಿಗೆ ಎಲ್ಲ ಭಾಷೆಯೂ ಬರುತ್ತದಲ್ಲ! ಎಚ್ಚರವಾಗಿ, ಮುನಿಸಿಕೊಂಡು ಊರು ಬಿಟ್ಟು ಹೋದರೆ?

ಸರಿ, ಬಂದಬಂದವರನ್ನು ತಡೆದು ಕೇಳತೊಡಗಿದ: "ನಿಮ್ಮಲ್ಲಿ ಇದಕ್ಕೆ ಏನಂತಾರಯ್ಯಾ?"

ತಮಿಳಿನವ "ಉಪ್ಪು" ಎಂದ. ತೆಲುಗಿನವ "ಉಪ್ಪು" ಎಂದ. ಮಲೆಯಾಳದವ "ಉಪ್ಪು" ಎಂದ. ಬೀರಣ್ಣ ಕೈಬೀಸಿದ. "ಹೋಗಿ ಮಾರಾಯ್ರೆ, ನೀವೆಲ್ಲ ಒಂದೇ ತಾಯಿಯ ಮಕ್ಕಳು. ತವರಿಂದ ಹೊರಡುವಾಗ ಸೆರಗಿಗೆ ಒಂದೇ ಹರಳು ಕಟ್ಟಿಕೊಂಡು ಬಂದಿದ್ದೀರಿ. ನಿಮಗೆ ಬೇರೆ ಪಾಠ ಬೇಡ."

ಕೊಂಕಣದವ "ಮೀಠ" ಎಂದ. ಕುದುರೆಯ ಮೇಲೆ ಬಂದ ಸಾಯಿಬ "ನಮಕ್" ಎಂದ. ಆ ಮಾತು ಪಾರಸಿ ದೇಶದಿಂದ ಕುದುರೆ ಹತ್ತಿಯೇ ಬಂದದ್ದಂತೆ. ಶಾಸ್ತ್ರ ಓದಿದ ಭಟ್ಟರು "ಲವಣ" ಎಂದರು. ಮರಳುಗಾಡಿನ ಕಡೆಯಿಂದ ಎತ್ತಿನ ಮೇಲೆ ಹೇರು ಹೊರಿಸಿ ಬರುವ ಜನ "ಲೂಣ್" ಎಂದರು. ಭಟ್ಟರು ನಕ್ಕರು: "ಅದೂ ನಮ್ಮ ಲವಣವೇ ಬೀರಣ್ಣ. ಎತ್ತಿನ ಹಿಂದೆ ಅಷ್ಟು ದೂರ ನಡೆದು ನಡೆದು ಸವೆದುಹೋಗಿದೆ, ಪಾಪ."

ಬೀರಣ್ಣ ಎಲ್ಲವನ್ನೂ ಬಾಯಿಪಾಠ ಮಾಡಿದ. ದಿನಾ ಸಂಜೆ, ದೀಪ ಹಚ್ಚುವ ಮೊದಲೇ, ಕೈಗಂಟೆ ಬಾರಿಸುತ್ತ ಬೀದಿ ಸುತ್ತಿದ. "ಉಪ್ಪು ಅನ್ನಬೇಡಿ! ಮೀಠ ಅನ್ನಬೇಡಿ! ನಮಕ್, ಲವಣ, ಲೂಣ್, ಯಾವುದೂ ಬೇಡ! ಯಾರಾದರೂ ಅಂದರೆ ಬಾಗಿಲು ಹಾಕಿಕೊಳ್ಳಿ!"

ನೋಡಿ ಆ ಊರಿನ ಚೋದ್ಯ. ಲೋಕದ ಭಾಷೆಗಳನ್ನೆಲ್ಲ ಕಲಿತರು. ಯಾತಕ್ಕೆ? ಬಾಗಿಲು ಹಾಕಿಕೊಳ್ಳುವುದಕ್ಕೆ.

ಆ ಊರಲ್ಲಿ ಮಂಕಾಳಿ ಎಂಬ ಹೆಂಗಸು. ಗುಡಿಯಲ್ಲಿ ಸಂಜೆದೀಪ ಹಚ್ಚುವ ಸೇವೆ ತಲೆತಲಾಂತರದಿಂದ ಅವಳ ಮನೆಯದು. ಗಂಡ ಕಡಲಪಾಲಾಗಿದ್ದ. ಮನೆಯಲ್ಲಿ ಅವಳು, ಅವಳ ಅತ್ತೆ. ಅತ್ತೆಗೆ ಕಾಲು ನಡೆಯುತ್ತಿರಲಿಲ್ಲ, ಬಾಯಿ ಎರಡೂ ಕಾಲಿನ ಕೆಲಸ ಮಾಡುತ್ತಿತ್ತು. ಮಂಕಾಳಿಗೆ ಗಂಡನಿಲ್ಲದ ಮನೆಯಲ್ಲಿ ಬೆಳಕೆಂದರೆ ಆ ದೀಪವೇ. ದಿನಾ ಬತ್ತಿ ಹೊಸೆದು, ಎಣ್ಣೆ ಎರೆದು, ದೀಪ ಹಚ್ಚಿ, ಹೆತ್ತತಾಯಿಗೆ ಹೇಳಿದ ಹಾಗೆ ಹೇಳುತ್ತಿದ್ದಳು: "ಮಲಗಮ್ಮಾ. ದಣಿದಿದ್ದೀಯೆ."

ಒಂದು ಸಂಜೆ ಹಾಗೆ ಹೇಳಿ ಮನೆಗೆ ಬಂದಳು. ತುಳಸಿಕಟ್ಟೆಗೆ ದೀಪ ಇಟ್ಟಳು. ಅಷ್ಟರಲ್ಲಿ ಬೀದಿಯ ಆ ತುದಿಯಲ್ಲಿ ಒಂದು ಕೂಗು.

"ಲೂಣ್! ಲೂಣ್ ದೋ, ಮಾಯೀ!"

ಮರಳುಗಾಡಿನ ಕಡೆಯ ಹೆಂಗಸು. ಆವತ್ತೇ ಅವರ ತಂಡ ಊರ ಹೊರಗೆ ಬಂದು ಇಳಿದಿತ್ತು, ಬೆಳಿಗ್ಗೆ ರಾಶಿ ಕೊಳ್ಳುವುದಿತ್ತು. ಕಂಕುಳಲ್ಲಿ ಕೂಸು, ಕೈಯಲ್ಲಿ ಗಂಜಿ ತಿಳಿಯ ಪಾತ್ರೆ. ಕೂಸಿಗೆ ದಾರಿಯಲ್ಲಿ ವಾಂತಿಭೇದಿ ಹತ್ತಿತ್ತು. ಕಣ್ಣು ಗುಳಿಬಿದ್ದಿತ್ತು, ಅಳುವುದಕ್ಕೂ ತ್ರಾಣವಿರಲಿಲ್ಲ. ಗಂಜಿ ತಿಳಿಗೆ ಬೆಲ್ಲ, ಒಂದು ಚಿಟಿಕೆ ಉಪ್ಪು ಹಾಕಿ ಹನಿಹನಿ ಕುಡಿಸಿದರೆ ಜೀವ ನಿಂತೀತು. ಇದು ಎಲ್ಲ ಸೀಮೆಯ ತಾಯಂದಿರಿಗೂ ಗೊತ್ತು. ಬೆಲ್ಲ ಅವಳಲ್ಲಿತ್ತು. ಗಂಟಿನಲ್ಲಿದ್ದ ಉಪ್ಪು ಹೊಳೆ ದಾಟುವಾಗ ಕರಗಿಹೋಗಿತ್ತು.

ಯಾರಪ್ಪಾ ಅದು, ಕಡಲು ಪಕ್ಕದಲ್ಲೇ ಇತ್ತಲ್ಲ, ಒಂದು ಬೊಗಸೆ ನೀರು ತರಬಾರದಿತ್ತೆ ಎನ್ನುವವರು? ಕಡಲ ನೀರು ಕುಡಿಸಿದರೆ ಬೇನೆಯ ಕೂಸು ಉಳಿದೀತೆ ತಮ್ಮಾ? ಸುಮ್ಮನೆ ಕೇಳು.

ಮೊದಲನೆಯ ಮನೆಯವರು "ಲೂಣ್" ಎಂಬುದನ್ನು ಕೇಳಿದರು. ಅರ್ಥವಾಯಿತು. ಬಾಗಿಲು ಹಾಕಿದರು.

ಭಾಷೆ ತಿಳಿಯಲಿಲ್ಲವೇನೋ ಎಂದುಕೊಂಡಳು ಅವಳು. ಎರಡನೆಯ ಮನೆಯ ಮುಂದೆ, ದಾರಿಯಲ್ಲಿ ಕಲಿತ ಕೊಂಕಣದ ಮಾತಿನಲ್ಲಿ ಕೇಳಿದಳು. "ಮೀಠ! ಮೀಠ!" ಅದೂ ಅರ್ಥವಾಯಿತು. ಬಾಗಿಲು ಹಾಕಿದರು.

ಮೂರನೆಯದು ಮಂಕಾಳಿಯ ಮನೆ. ಅಂಗಳಕ್ಕೆ ಬಂದವಳೇ, ಎತ್ತಿನವರಿಂದ ಕಲಿತ ಈ ಸೀಮೆಯ ಮಾತನ್ನು ತಡವರಿಸಿ ತಡವರಿಸಿ ಆಡಿದಳು. "ಉಪ್ಪು... ಅವ್ವಾ, ಉಪ್ಪು..."

"ಅಯ್ಯಯ್ಯೋ!" ಒಳಗಿನಿಂದ ಅತ್ತೆ ಕಿವಿ ಮುಚ್ಚಿಕೊಂಡಳು. "ಬಾಗಿಲು ಹಾಕೇ ಮಂಕಾಳಿ! ಅಂಗಳಕ್ಕೇ ಬಂತಲ್ಲೇ ಆ ಮಾತು!"

ಮಂಕಾಳಿಯ ಕೈ ಬಾಗಿಲಿನ ಮೇಲೆಯೇ ಇತ್ತು. ಈಗತಾನೇ ಮಲಗಿಸಿ ಬಂದ ಅಮ್ಮ. ಒಂದು ಚಿಟಿಕೆಗಾಗಿ ಅವಳೆದ್ದು ಹೋದರೆ ಊರಿಗೆ ಊರೇ ಬರಿದು. ತನ್ನ ಪಾತಿ ಹೋದೀತು, ದೀಪದ ಸೇವೆ ಹೋದೀತು. ಆದರೆ ಎದುರಿಗೆ ಈ ಕೂಸು. ತುಟಿಯ ಮೇಲೆ ಬೆರಳಿಟ್ಟು, ಆ ಮಾತು ಬೇಡ ಎಂಬಂತೆ ತಲೆಯಾಡಿಸಿದಳು. ಬಾಗಿಲು ಹಾಕಲಿಕ್ಕೆ ಮಾತ್ರ ಕೈ ಬರಲಿಲ್ಲ.

ಪರದೇಶದ ಹೆಂಗಸು ಅವಳ ಬೆರಳನ್ನು ನೋಡಿದಳು, ಮುಖವನ್ನು ನೋಡಿದಳು. ಇನ್ನೊಂದು ಮಾತು ಎಲ್ಲಿಂದ ತಂದಾಳು? ಬಲ್ಲ ಹೆಸರುಗಳೆಲ್ಲ ಮುಗಿದಿದ್ದವು. ಪಾತ್ರೆಯನ್ನು ಕೆಳಗಿಟ್ಟಳು. ತನ್ನ ಕೆನ್ನೆಯ ಮೇಲೆ ಇಳಿಯುತ್ತಿದ್ದ ಕಣ್ಣೀರನ್ನು ಬೆರಳ ತುದಿಯಲ್ಲಿ ತೆಗೆದು ಕೂಸಿನ ತುಟಿಗೆ ಸವರಿದಳು.

ಕೂಸು ನಾಲಿಗೆ ಹೊರಹಾಕಿ ನೆಕ್ಕಿತು.

ಮಂಕಾಳಿ ನೋಡುತ್ತ ನಿಂತಳು. ಹೂಂ ಅನ್ನಿ.

"ಅತ್ತೇ," ಎಂದಳು ಮೆಲ್ಲಗೆ, "ಅಮ್ಮ ಮಲಗಿಲ್ಲ."

"ಎಂತದೇ?"

"ನಾನು ಗುಡಿಯಲ್ಲಿ ಮಲಗಿಸಿ ಬಂದೆ. ಅವಳು ನನಗಿಂತ ಮೊದಲೇ ಇಲ್ಲಿಗೆ ಬಂದಿದ್ದಾಳೆ. ಇವಳ ಕಣ್ಣಿನಲ್ಲಿ ನಿಂತಿದ್ದಾಳೆ ಅತ್ತೇ. ನಾನು ಬಾಗಿಲು ಹಾಕಿದರೆ ಯಾರ ಮುಖಕ್ಕೆ ಹಾಕಿದ ಹಾಗಾಯ್ತು?"

ಎಲ್ಲಿಲ್ಲದ ಧೈರ್ಯ ಬಂತು ಅವಳಿಗೆ. ಭಂಡ ಧೈರ್ಯವಲ್ಲ, ತಾಯಿ ಜೊತೆಯಲ್ಲಿದ್ದಾಗ ಮಗಳಿಗೆ ಬರುವಂಥದ್ದು. ಒಳಗೆ ಹೋದಳು. ಉಪ್ಪಿನ ಮರಿಗೆಗೆ ಕೈಮುಗಿದಳು. ಒಂದು ಚಿಟಿಕೆ ತಂದು ಗಂಜಿ ತಿಳಿಗೆ ಹಾಕಿ ಕದಡಿದಳು. ಇಬ್ಬರೂ ಜಗಲಿಯ ಮೇಲೆ ಕೂತರು. ಒಬ್ಬಳು ಕೂಸಿನ ತಲೆ ಹಿಡಿದಳು, ಒಬ್ಬಳು ಚಿಪ್ಪಿನಲ್ಲಿ ಹನಿಹನಿ ಬಿಟ್ಟಳು. ಮೊದಲ ಹನಿ ಕಟಬಾಯಿಯಿಂದ ಇಳಿದುಹೋಯಿತು. ಎರಡನೆಯದು ಅರ್ಧ ಒಳಗೆ, ಅರ್ಧ ಹೊರಗೆ. ಮೂರನೆಯದಕ್ಕೆ ಕೂಸು ತುಟಿ ಚಪ್ಪರಿಸಿತು. ಚಪ್, ಚಪ್, ಚಪ್.

ಅದೇ ಹೊತ್ತಿಗೆ ಕೈಗಂಟೆಯ ಸದ್ದು. ಬೀರಣ್ಣ! ಅವನ ಹಿಂದೆ ಅರ್ಧ ಊರು. ಬೀರಣ್ಣ ಮಂಕಾಳಿಗೆ ವರಸೆಯಲ್ಲಿ ಭಾವನಾಗಬೇಕು.

"ಮಂಕಾಳೀ! ಏನು ಕೊಟ್ಟೆ ಅವಳಿಗೆ?"

ಸುಳ್ಳು ಹೇಳುವವಳಲ್ಲ ಮಂಕಾಳಿ. ಹೆಸರು ಹೇಳುವ ಹಾಗೂ ಇಲ್ಲ. ಕೂಸಿನ ಬಾಯನ್ನು ನೋಡಿದಳು. ಅದಿನ್ನೂ ಚಪ್ಪರಿಸುತ್ತಲೇ ಇತ್ತು.

"ರುಚಿ ಕೊಟ್ಟೆ ಭಾವ."

"ರುಚಿಯಂತೆ ರುಚಿ! ಯಾವ ಸೀಮೆಯ ಹೆಸರು ಅದು? ನಾನು ಕಲಿತದ್ದರಲ್ಲಿ ಇಲ್ಲವಲ್ಲ!"

"ಇಗಾ, ಈ ಕೂಸಿನ ಸೀಮೆಯದು. ಕೇಳಿ ನೋಡಿ."

ಹಿಂದೆ ನಿಂತವರಲ್ಲಿ ಯಾರೋ ಕಿಸಕ್ಕೆಂದರು. ಬೀರಣ್ಣ ತಿರುಗಿ ನೋಡಿದ, ನಗೆ ನಿಂತಿತು. ಅವನ ಸ್ವರ ತಗ್ಗಿತು. ಕೆಟ್ಟವನಲ್ಲ ಅವನು, ಹೆದರಿದ್ದ.

"ಮಂಕಾಳೀ, ಅಮ್ಮ ಎದ್ದು ಹೊರಟುಹೋದರೆ? ಈ ಊರಿನ ಮಕ್ಕಳ ಗತಿ ಏನು?"

"ಹೋಗುವವಳಾಗಿದ್ದರೆ ನಮ್ಮ ಬಾಗಿಲಿಗೆ ಯಾಕೆ ಬರ್ತಿದ್ದಳು ಭಾವ? ಬೆಳಗಾಗಲಿ, ಪಾತಿ ನೋಡುವ. ಬಿಳಿ ಕೂತಿರದಿದ್ದರೆ ನಾನೂ ನನ್ನತ್ತೆಯೂ ಮಡಕೆ ಹೊತ್ತು ಊರು ಬಿಡ್ತೇವೆ."

"ನನ್ನನ್ನ್ಯಾಕೆ ಸೇರಿಸ್ತೀಯೇ?" ಒಳಗಿನಿಂದ ಅತ್ತೆ. ಆಮೇಲೆ, "ಸೇರಿಸು, ಸೇರಿಸು. ಆದರೆ ನನ್ನ ಮಡಕೆಯನ್ನೂ ನೀನೇ ಹೊರಬೇಕು, ನನ್ನನ್ನೂ ನೀನೇ ಹೊರಬೇಕು ಮತ್ತೆ!"

ಆವತ್ತು ಊರಲ್ಲಿ ಯಾರಿಗೆ ನಿದ್ದೆ ಬಂತೋ ಇಲ್ಲವೋ. ಮಂಕಾಳಿ ಮಾತ್ರ ಕೂಸಿನ ಪಕ್ಕದಲ್ಲೇ ಹಾಯಾಗಿ ಮಲಗಿದಳು.

ಬೆಳಗಾಯಿತು. ಊರಿಗೆ ಊರೇ ಆಗರದ ಬದುವಿನ ಮೇಲೆ ನಿಂತಿತು. ಮಂಕಾಳಿಯ ಪಾತಿಯಲ್ಲಿ ಏನಿದೆ? ಮಬ್ಬಿನಲ್ಲಿ ಕಾಣಲಿಲ್ಲ. ಮೊದಲ ಬಿಸಿಲು ದಿಬ್ಬದ ಗುಡಿಯ ಮೇಲೆ ಬಿತ್ತು, ಅಲ್ಲಿಂದ ಬದುವಿಗೆ ಇಳಿಯಿತು, ಬದುವಿನಿಂದ ಪಾತಿಗೆ ಇಳಿಯಿತು.

ಏನಿತ್ತು ಹೇಳಿ ನೋಡುವ? ಮುತ್ತೇ? ರತ್ನವೇ? ಬಂಗಾರವೇ?

ಉಪ್ಪೇ ಇತ್ತು. ಎಂದಿನ ಹಾಗೆ, ಎಂದಿನಷ್ಟೇ, ಬೆಳ್ಳಗೆ ಕೂತಿತ್ತು. ಮುನಿಸಿಕೊಳ್ಳದ ತಾಯಿ ಮತ್ತೇನು ತೋರಿಸಬೇಕು? ಮಂಕಾಳಿ ಬಗ್ಗಿ ಹಲಗೆ ಎಳೆದಳು. ಸರ್ರೆಂದು ಬಂತು.

ಅಷ್ಟರಲ್ಲಿ ಮಂಕಾಳಿಯ ಮನೆಯ ಕಡೆಯಿಂದ ಕೂಸಿನ ಅಳು ಕೇಳಿಸಿತು. ಹಸಿವಿನ ಅಳು, ಗಟ್ಟಿಯಾದ ಅಳು. ಹೆಂಗಸರೆಲ್ಲ ಒಮ್ಮೆಗೇ ನಕ್ಕರು. ಕೂಸಿನ ತಾಯಿ ಅದನ್ನೆತ್ತಿಕೊಂಡು ಬದುವಿಗೆ ಬಂದಳು, ಮಂಕಾಳಿಯ ಕಾಲಿಗೆ ಅದನ್ನು ಮುಟ್ಟಿಸಿದಳು. ತನ್ನ ಹೆಸರು ಧಾಪು ಎಂದಳು. ಬೀರಣ್ಣನಿಗೆ ಮಾತ್ರ ಹಳೆಯ ಚಟ ಬಿಟ್ಟಿರಲಿಲ್ಲ. ಎರಡೂ ಮಾತು ಬಲ್ಲ ಎತ್ತಿನವನನ್ನು ಮುಂದೆ ನಿಲ್ಲಿಸಿಕೊಂಡು ಕೇಳಿಯೇ ಕೇಳಿದ.

"ನಿಮ್ಮಲ್ಲಿ ದೀಪ ಹಚ್ಚಿದ ಮೇಲೂ ಆ ಮಾತು ಆಡ್ತೀರಾ ತಾಯೀ?"

ಧಾಪು ನಾಲಿಗೆ ಕಚ್ಚಿಕೊಂಡಳು. "ಇಲ್ಲಪ್ಪಾ. ನಮ್ಮಲ್ಲೂ ಕತ್ತಲಾದ ಮೇಲೆ ಅದರ ಹೆಸರು ಹಿಡಿಯೋದಿಲ್ಲ. 'ಮೀಠಾ' ಅಂತೇವೆ, ಸಿಹಿ ಅಂತ. ನಿನ್ನೆ ಕೂಸಿನ ಗಾಬರಿಯಲ್ಲಿ ಮರೆತು ಲೂಣ್ ಅಂತಲೇ ಕೂಗಿಬಿಟ್ಟೆ."

ಬೀರಣ್ಣನ ಕೈಗಂಟೆ ಕೈಯಲ್ಲೇ ನಿಂತಿತು. "ಹಾಗಾದರೆ ನಿಮ್ಮಲ್ಲೂ ಅಮ್ಮ ಮಲಗುತ್ತಾಳಾ?"

"ಮಲಗದೆ? ದುಡಿದ ಜೀವ ಅಲ್ವಾ? ಅದಕ್ಕೇ ಮುದ್ದಿನ ಹೆಸರಲ್ಲಿ ಮೆಲ್ಲಗೆ ಕರೀತೇವೆ. ಮಕ್ಕಳು ಕರೆದರೆ ಏಳ್ತಾಳೆ."

ಬೀರಣ್ಣ ಗುಡಿಯ ಕಡೆ ನೋಡಿದ. ಅಮ್ಮ ಹೆಸರು ಹಿಡಿದು ಕೂಗಬೇಡಿ ಎಂದಿದ್ದಳು. ಕೊಡಬೇಡಿ ಎಂದು ಯಾವಾಗ ಹೇಳಿದ್ದಳು? ಅದನ್ನು ಸೇರಿಸಿದವರು ನಾವೇ ಅಲ್ಲವೇ! ಕೆನ್ನೆಗೆ ಬಡಿದುಕೊಂಡ. ಕಣ್ಣು ತುಂಬಿತು. ತುಟಿಗೆ ಇಳಿದದ್ದರ ರುಚಿ ಅವನ ನಾಲಿಗೆಗೂ ತಿಳಿಯಿತು.

ಕೊಂಕಣದ ಕಡೆ ದೀಪ ಹಚ್ಚಿದ ಮೇಲಿನ ಆ ಸಿಹಿ ಹೆಸರೇ ಹಗಲಿಗೂ ನಿಂತು 'ಮೀಠ' ಆಯಿತೆಂದು ನಮ್ಮ ಹಿರಿಯರು ಹೇಳುತ್ತಿದ್ದರು. ಇರಬಹುದು. ಅಷ್ಟು ಪ್ರೀತಿಯಿಂದ ಕರೆದ ಹೆಸರನ್ನು ಬೆಳಗಾಯಿತೆಂದು ಬಿಟ್ಟುಕೊಡುವುದಕ್ಕೆ ಮನಸ್ಸಾಗುತ್ತದೆಯೇ?

ಆ ಸಂಜೆ ಮಂಕಾಳಿ ಎಂದಿನಂತೆ ದೀಪ ಹಚ್ಚಿ, "ಮಲಗಮ್ಮಾ" ಎಂದಳು. ಒಂದು ಕ್ಷಣ ನಿಂತು, "ಬೇಕಾದರೆ ಕರೀತೇವೆ" ಎಂದು ಸೇರಿಸಿದಳು. ಅಷ್ಟು ಹೊತ್ತಿಗಾಗಲೇ ಬೀರಣ್ಣ ಕೈಗಂಟೆ ಬಾರಿಸುತ್ತ ಬೀದಿ ಸುತ್ತಿ ಮುಗಿಸಿದ್ದ. ಹೆಸರುಗಳು ಅವೇ, ಗಂಟೆ ಅದೇ, ದನಿಯೂ ಅದೇ. "ಉಪ್ಪು ಅಂದಾರು! ಮೀಠ ಅಂದಾರು! ನಮಕ್, ಲವಣ, ಲೂಣ್ ಅಂದಾರು! ಯಾರು ಯಾವ ಹೆಸರಲ್ಲಿ ಕೇಳಿದರೂ ಬಾಗಿಲು ತೆಗೆಯಿರಿ! ರುಚಿ ಅನ್ನಿರಿ, ಕೊಡಿರಿ!"

ಅದಕ್ಕೇ ಇವತ್ತಿಗೂ ದೀಪ ಹಚ್ಚಿದ ಮೇಲೆ ನಿಮ್ಮ ಅಜ್ಜಿ ಅಡುಗೆಮನೆಯಿಂದ "ಒಂಚೂರು ರುಚಿ ತಾರೇ" ಎಂದರೆ ನಗಬೇಡಿ. ಮಂಕಾಳಿಯ ಜಗಲಿಯ ಮೇಲೆ ಒಂದು ಕೂಸು ಇಟ್ಟ ಹೆಸರು ಅದು.

ಹೂಂಗುಟ್ಟಿದವರ ಮರಿಗೆ ಬರಿದಾಗದಿರಲಿ, ತೂಕಡಿಸಿದವರ ಸಾರು ಸಪ್ಪೆಯಾಗದಿರಲಿ. ನನ್ನ ಕಥೆ ಇಲ್ಲಿಗೆ ಕರಗಿತು, ರುಚಿ ನಿಮ್ಮ ಬಾಯಲ್ಲಿ ಉಳಿಯಿತು.