ಎರಡು ಸುತ್ತು ಕಪ್ಪು ಪಟ್ಟಿ

…ಕಾಲು ಬಿಡು ಅಂದೆ, ಹುಲಿಯಾ! ಬಿಡೋ ತಮಾ! ನನ್ನ ಹೊನ್ನಿ ಹೋಗಿ ಇವತ್ತಿಗೆ ವರ್ಷ. ಈ ಮುದುಕಿಯ ಕಾಲು ಹಿಡಿದರೆ ಹೋದ ಮಗಳು ಎದ್ದು ಬರ್ತಾಳಾ? ಏಳು. ಹಾಂ… ಆ ಮಣೆ ಮೇಲೆ ಕೂತ್ಕೋ. ಈ ದೇವಿಯ ಮನೆಗೆ ಬಂದವ ಬೆಲ್ಲ-ನೀರು ಕುಡೀದೆ ಹೋದ ಅಂದ್ರೆ ನಮ್ಮೂರು ಶಿರವಾಡದವರು ನಗೂದಿಲ್ವಾ?

ಬುಟ್ಟೀಲಿ ಇದೆಂತದು? ಅಯ್ಯಾ, ಇಶಾಡು ಮಾವು! ನಿನ್ನ ಊರು ಕೇಣಿಯಿಂದ ಹೊತ್ತು ತಂದ್ಯಾ? ಹೊನ್ನಿಗೆ ಇಶಾಡು ಅಂದ್ರೆ ಜೀವ. ಗೊರಟು ಬೆಳ್ಳಗಾಗೋವರೆಗೂ ಚೀಪ್ತಿದ್ಳು… ಇರಲಿ, ಅಲ್ಲೇ ಇರಲಿ. ಆಮೇಲೆ ನೋಡ್ವ.

ನಿನ್ನ ಸುದ್ದಿ ಎಲ್ಲ ಬಂದದೆ ಬಿಡು. ಅಂಕೋಲೆಯ ಅಕ್ಕಿ ಗಿರಣಿಗೆ ಕರೆಂಟು ದೀಪ ಜೋಡಿಸೂಕೆ ಹೋದವ ಒಂದೊಂದು ಸುಚ್ಚಿನ ತಂತಿಗೂ ಹತ್ತು ಸುತ್ತು ಟೇಪು ಸುತ್ತಿದ್ಯಂತೆ, ಮುಚ್ಚಳವೇ ಕೂರಲಿಲ್ಲವಂತೆ! "ಹುಲಿಯಾ ಸುಚ್ಚು ಹಾಕೂದಿಲ್ಲ, ಬಾಣಂತಿಗೆ ತಲೆ ಕಟ್ತಾನೆ" ಅಂತಾರಂತೆ. ಹ್ಞಾ, ನಕ್ಕಿ! ನಕ್ಕಿಯಲ್ಲ! ವರ್ಷದ ಮೇಲೆ ನಿನ್ನ ಹಲ್ಲು ಕಂಡೆ ನೋಡು.

ಟೇಪು ಬೇಕೋ ಬೇಡವೋ ಅಂತ ನಮ್ಮ ಒಡೆಯರೂ ನೀನೂ, ಅವರ ಮನೆಗೆ ದೀಪ ಜೋಡಿಸಿದ ದಿನ, ಜಗಳ ಆಡಿದ್ರಂತಲ್ಲ. "ಮೇಲೆ ಹಿತ್ತಾಳೆ ಮುಚ್ಚಳ ಅದೆ, ಒಳಗೆ ಪಟ್ಟಿ ಎಂತಕೋ?" ಅಂದ್ರಂತೆ ಅವರು. "ತಂತಿ ಮುಚ್ಚಳಕ್ಕೆ ತಾಗಿದ್ರೆ, ಮುಚ್ಚಳ ಮುಟ್ಟಿದವರ ಜೀವ ಹೋಗ್ತದೆ ಒಡೆಯಾ" ಅಂದ್ಯಂತೆ ನೀನು. ನನಗೆ ಇದೆಲ್ಲ ಆಮೇಲೆ ಗೊತ್ತಾದದ್ದು. ಮೊದಲೇ ಯಾರಾದರೂ ಒಂದು ಮಾತು ಹೇಳಿದ್ರೆ…

ಎಂತಿಲ್ಲ. ನೀರು ಕುಡಿ.

ಒಡೆಯರ ಮಗಳ ಮದುವೆಯ ಹಿಂದಿನ ದಿನ. ಹೊನ್ನಿ ಜಗಲಿ ತೊಳೀತಿದ್ಳು, ಕೈ-ಕಾಲೆಲ್ಲ ಒದ್ದೆ. ಹೊತ್ತು ಮುಳುಗೂಕೂ ಹಿತ್ತಲ ಕರೆಂಟಿನ ಇಂಜಿನ್ನು ಶುರುವಾಗೂಕೂ ಸರಿಹೋಯ್ತು… ಸುಚ್ಚಿನ ಮುಚ್ಚಳಕ್ಕೆ ಕೈ ಇಟ್ಟವಳು ಇಟ್ಟ ಹಾಗೇ… ಅಯ್ಯೋ ಮಗಳೇ!

ಆಮೇಲೆ ಬಿಚ್ಚಿ ನೋಡಿದ್ರೆ ಒಳಗೆ ಟೇಪೇ ಇಲ್ಲ. ಊರೆಲ್ಲ ನಿನ್ನ ಮೇಲೆ ಬಿತ್ತು. ನೀನಾದ್ರೂ ಎಂತಕೆ ತಲೆ ತಗ್ಗಿಸಿದ್ದು? "ಮದುವೆ ಗಡಿಬಿಡೀಲಿ ಮರೆತಿರಬೇಕು ಒಡೆಯಾ, ನಾನೇ ಕೊಂದೆ" ಅಂದ್ಯಲ್ಲ! ಕಾರವಾರದಲ್ಲಿ ಮತ್ತೆ ಒಬ್ಬರೂ ನಿನ್ನನ್ನ ಕೆಲಸಕ್ಕೆ ಕರೀಲಿಲ್ಲ. ಇವತ್ತಿಗೂ ಅದೇ ಅಂತ ಬಂದ್ಯಾ? ಮರೆತೆ ಅಂತ? ನೀನು ಮರೆಯೋನಾ ತಮಾ! ಮಗುವಿನ ಬೆರಳಿಗೆ ಬಟ್ಟೆ ಕಟ್ಟಿದ ಹಾಗೆ ಎರಡು ಸುತ್ತು, ತುದಿ ಒಳಗೆ ಮಡಚಿ, ಎಷ್ಟು ಚಂದ ಮಾಡಿ…

ಎಂತಕೆ ಲೋಟ ಕೆಳಗಿಟ್ಟಿ?

ನಾನು ಎಂತ ಅಂದೆ ಈಗ? ಅಲ್ಲ… ಯಾರೋ ಹೇಳಿದ್ರು. ಎರಡು ಸುತ್ತು ಅಂತ… ಯಾರು ಹೇಳ್ತಾರೆ, ನೀನು ಬಿಟ್ರೆ ಒಳಗೆ ನೋಡಿದವರು ಯಾರು… ಬೈಯಿ ಹುಲಿಯಾ. ಹಾಗೆ ನನ್ನ ಕೈ ನೋಡಬೇಡ!

ಹೌದು. ಈ ಕೈಯೇ.

"ಮದುವೆ ಮನೆ ದೇವೀ, ಹಿತ್ತಾಳೆ ಅಂದದ್ದೆಲ್ಲ ಹುಣಸೆಹಣ್ಣು ಹಾಕಿ ತಿಕ್ಕು" ಅಂದಿದ್ರು ಒಡತಿ. ಹಂಡೆ ತಿಕ್ಕಿದೆ, ಕೊಡಪಾನ ತಿಕ್ಕಿದೆ. ಸುಚ್ಚಿನ ಮುಚ್ಚಳವೂ ಹಿತ್ತಾಳೆಯೇ ಅಲ್ವೋ! ಇಂಜಿನ್ನು ನಿಂತಿತ್ತು. ತಿರುಗಿಸಿದೆ, ಕೈಗೆ ಬಂತು. ಒಳಗೆ ಕಪ್ಪಗೆ, ಅಂಟಂಟು ಚಿಂದಿ. ಮದುವೆ ಮನೇಲಿ ಈ ಕೊಳಕು ಎಂತಕೆ ಅಂತ… ಕಿತ್ತೆ. ಮುಚ್ಚಳ ತಿಕ್ಕಿ ಮತ್ತೆ ಬಿಗಿ ಮಾಡಿದೆ. ಬಂಗಾರ, ಬಂಗಾರದ ಹಾಗೆ ಹೊಳೀತಿತ್ತು! ನಾನೇ ಕರೆದೆ ಅವಳನ್ನ. "ಬಾರೇ ಹೊನ್ನೀ, ದೀಪ ಹಾಕು, ನೋಡು ನಿನ್ನ ಮುಖ ಕಾಣ್ತದೆ…"

ಇಕಾ. ವರ್ಷದಿಂದ ಸೆರಗಿನ ಗಂಟಲ್ಲಿ ಅದೆ. ನಿನ್ನ ಎರಡು ಸುತ್ತು ಟೇಪು. ನಾಳೆ ಒಡೆಯರ ಅಂಗಳದಲ್ಲಿ ನಿಂತು ನಾನೇ ಹೇಳ್ತೆ.

ಮಾವಿನ ಬುಟ್ಟಿ ವಾಪಸ್ಸು ತಗಂಡು ಹೋಗು ತಮಾ. ತಪ್ಪಾಯ್ತು ಅನ್ನೋರು ತರೂ ಹಣ್ಣು ಅದು, ನಾನು ಹೊತ್ತು ಕೇಣಿಗೆ ಬರಬೇಕಾಗಿತ್ತು.

ಕಾಲು ಇತ್ತ ಕೊಡು. ಎಳ್ಕೋಬೇಡ, ಹುಲಿಯಾ… ಕಾಲು ಎಳ್ಕೋಬೇಡವೋ…