ಕಿವಿಗೆ ಹೊಕ್ಕ ನದಿ

ಕಿವಿ ಮಂದವಾಗಿದೆ ಎಂದು ಡಾಕ್ಟರ ಬಳಿ ಬಂದು ಕೂತಿದ್ದ ಮೇಷ್ಟರಿಗೆ ಪಕ್ಕದ ಬೆಂಚಿನ ಅಕ್ಕತಂಗಿಯರ ಮಾತು ಒಂದಕ್ಷರ ಬಿಡದೆ ಕೇಳಿಸುತ್ತಿತ್ತು. ನೀರು ಹೊಕ್ಕು ಅಕ್ಕನ ಎಡಗಿವಿ ಕಟ್ಟಿಕೊಂಡಿತ್ತು. ಹಾಗಾಗಿ ಆಕೆ ಊರಿಗೇ ಕೇಳುವಂತೆ ಮಾತಾಡುತ್ತಿದ್ದಳು.

“ಬಕೆಟ್ ನೀರಿಗೂ ಹೆದರೋಳು ನೀನು, ಕಯಾಕ್ ದೋಣಿ ಹತ್ತಿದ್ಯಾ?” ಎಂದಳು ತಂಗಿ.

“ಭಾನುವಾರ ಬಾಡಿಗೆಗೆ ತಗೊಂಡ್ವಿ ಕಣೇ. ನದಿ ಮಧ್ಯಕ್ಕೆ ಹೋಗಿ ಮಗುಚ್ಕೊಂಡ್ತು!”

“ಅಯ್ಯೋ! ಭಾವ?”

“ಈಜು ಬರುತ್ತೆ ಅಂತ ಜಂಬ ಕೊಚ್ಕೊಳ್ಳೋ ನಿಮ್ಮ ಭಾವ ನನ್ನ ಲೈಫ್ ಜಾಕೆಟ್ ಹಿಡ್ಕೊಂಡು ‘ಅಮ್ಮಾ’ ಅಂತಿದ್ರು. ನಾನು ಬೆಂಡಿನ ಹಾಗೆ ತೇಲ್ತಿದ್ದೆ!”

“ಹೆದರಿಕೆ ಆಗ್ಲಿಲ್ವಾ?”

“ಇಷ್ಟು ವರ್ಷ ಹೆದರಿದ್ದು ಇದಕ್ಕೇನಾ ಅಂತ ನಗು ಬಂತು. ದಡಕ್ಕೆ ಬಂದೋಳೇ, ಇನ್ನೊಂದು ಗಂಟೆ ಬಾಡಿಗೆಗೆ ಹೇಳಿ ಒಬ್ಬಳೇ ಹೋದೆ.”

“ಒಬ್ಬಳೇ?”

“ಹೂಂ. ಹೋಗಿ ಬೇಕಂತಲೇ ಮಗುಚಿ ಹಾಕ್ದೆ. ಆಗ ಹೊಕ್ಕಿದ್ದು ಈ ನೀರು!”

ನರ್ಸ್ ಕರೆದಳು. ಅಕ್ಕ ಪದಕ ತೆಗೆದುಕೊಳ್ಳಲು ಹೊರಟವಳ ಹಾಗೆ ಎದ್ದಳು.

“ಇನ್ಮೇಲೆ ನೀರಿಗಿಳೀಬೇಡಿ ಅಂತ ಡಾಕ್ಟ್ರು ಹೇಳಿದ್ರೆ?”

“ಹೇಳಲಿ ಬಿಡು. ಈ ಕಟ್ಟಿರೋ ಕಿವೀನೇ ಅವರ ಕಡೆ ತಿರುಗಿಸ್ಕೊಂಡು ಕೂರ್ತೀನಿ,” ಎನ್ನುತ್ತಾ ಒಳಗೆ ನಡೆದಳು.