ಬಾತುಕೋಳಿ ಪೈಜಾಮ ತೊಟ್ಟು ಮಗಳನ್ನು ಕರೆದೊಯ್ದ ಬಗ್ಗೆ

ನನ್ನ ಮತ್ತು ನನ್ನ ಗಂಡನ ಹೆಸರು ಮೇಲಿನ ಖಾನೆಗಳಲ್ಲಿ ಬರೆಸಿದ್ದಾಗಿದೆ. ವಯಸ್ಸು 36 ವರ್ಷ. ಉದ್ಯೋಗ ಇಸ್ತ್ರಿ ಅಂಗಡಿ. ವಾಸ, ಶಾಲೆಯಿಂದ 400 ಮೀಟರ್ ದೂರದ ಓಣಿಯಲ್ಲಿ ಎರಡಂತಸ್ತಿನ ಮನೆಯ ಕೆಳಭಾಗ. ಓಣಿಯವರು ನನ್ನನ್ನು ಇಸ್ತ್ರಿ ಅಕ್ಕ ಎಂದೇ ಕರೆಯುತ್ತಾರೆ. ಈ ದಿನ 14ನೇ ತಾರೀಖು ಮಂಗಳವಾರ ಸಂಜೆ 6.40ಕ್ಕೆ ಠಾಣೆಯ ಬೆಂಚಿನ ಮೇಲೆ ಕುಳಿತು, ಯಾರ ಒತ್ತಾಯವೂ ಇಲ್ಲದೆ, ನಡೆದದ್ದನ್ನು ನಡೆದ ಹಾಗೆ ಹೇಳಿ ಬರೆಸುತ್ತಿರುವುದೇನೆಂದರೆ:

ಕೆಳಮನೆಯಲ್ಲಿ ನಾನು, ನನ್ನ ಗಂಡ ಮತ್ತು ಒಂದನೇ ತರಗತಿಯಲ್ಲಿ ಓದುವ ಆರು ವರ್ಷದ ಮಗಳು ಇದ್ದೇವೆ. ಮೇಲ್ಮನೆಯಲ್ಲಿ ಮೈದುನ ಮತ್ತು ಅವನ ಹೆಂಡತಿ, ಅಂದರೆ ನನ್ನ ಓರಗಿತ್ತಿ ಇದ್ದಾರೆ. ಆಕೆಯ ವಯಸ್ಸು 27. ಮದುವೆಯಾಗಿ ಎರಡು ವರ್ಷ, ಮಕ್ಕಳಿಲ್ಲ. ಒಂದು ಕಂಪನಿಯ ಗ್ರಾಹಕರ ದೂರುಗಳನ್ನು ಮನೆಯಲ್ಲೇ ಕುಳಿತು ಫೋನಿನಲ್ಲಿ ಕೇಳುವುದು ಆಕೆಯ ಕೆಲಸ. ಆ ಕಡೆಯವರಿಗೆ ದನಿ ಮಾತ್ರ ಕೇಳಿಸುವುದರಿಂದ ಬೆಳಗಿನಿಂದ ಸಂಜೆಯವರೆಗೂ ಪೈಜಾಮದಲ್ಲೇ, ಅಂದರೆ ರಾತ್ರಿ ಮಲಗುವ ಅಂಗಿ-ಪ್ಯಾಂಟಿನಲ್ಲೇ ಇರುತ್ತಾಳೆ. ಮಧ್ಯಾಹ್ನ 3.05ರಿಂದ 3.35ರವರೆಗೆ ಆಕೆಗೆ ಬಿಡುವು. ಅದೇ ಹೊತ್ತಿಗೆ ನನ್ನ ಅಂಗಡಿಯಲ್ಲಿ ಉಸಿರಾಡಲೂ ಪುರಸೊತ್ತಿರುವುದಿಲ್ಲ. ಆದ್ದರಿಂದ ಈ ಶಾಲಾ ವರ್ಷದ ಮೊದಲ ದಿನದಿಂದ ಮಗಳನ್ನು ಶಾಲೆಯಿಂದ ಕರೆತರುವುದು ಆಕೆ. ಹಾಗೆ ಮಾಡೆಂದು ಕೇಳಿಕೊಂಡವಳು ನಾನೇ. ಇದನ್ನು ಅಲ್ಲಗಳೆಯುವುದಿಲ್ಲ.

ಮೊದಲ ವಾರದಲ್ಲೇ ಆಕೆ ಪೈಜಾಮದಲ್ಲಿ ಶಾಲೆಗೆ ಹೋಗುತ್ತಾಳೆಂದು ನನಗೆ ತಿಳಿಯಿತು. ನಾನು ಹದಿನಾಲ್ಕು ವರ್ಷದಿಂದ ಈ ಊರಿನ ಅಂಗಿಗಳಿಗೆ ಗೆರೆ ಕೂರಿಸುತ್ತಿರುವವಳು. ನನ್ನ ಮನೆಯಿಂದಲೇ ಒಬ್ಬಳು ಮುದ್ದೆಯಾದ ಬಟ್ಟೆಯಲ್ಲಿ ಬೀದಿಗಿಳಿದರೆ ನನ್ನ ಮುಖ ಎಲ್ಲಿಡಲಿ ಎಂದು ಮೆಟ್ಟಿಲ ಮೇಲೆ ಆಕೆಯನ್ನು ನಿಲ್ಲಿಸಿ ಕೇಳಿದೆ. ಮೈ ಮುಚ್ಚಿದೆ, ಜೇಬು ಇದೆ, ಇನ್ನೇನಕ್ಕಾ ಬೇಕು ಎಂದು ಆಕೆ ಕೇಳಿದಳು. ರಾತ್ರಿಯ ಬಟ್ಟೆ ರಾತ್ರಿಗೆ ಎಂದೆ. ಬಟ್ಟೆಗೇನು ಗಡಿಯಾರ ನೋಡೋಕೆ ಬರುತ್ತಾ ಎಂದು ಹೇಳಿ ನಕ್ಕು ಮೇಲೆ ಹೋದಳು. ಆಕೆಗೆ ಯಾವುದೂ ನಾಟುವುದಿಲ್ಲ. ಸಿಟ್ಟು ಬಂದರೆ ಜಗಳವಾಡಬಹುದು, ನಗುವವಳ ಜೊತೆ ಏನು ಮಾಡುವುದು?

ಸುಮಾರು ಒಂದೂವರೆ ತಿಂಗಳ ಹಿಂದೆ ಆಕೆ ಹಳದಿ ಬಣ್ಣದ, ಮೈತುಂಬ ಬಾತುಕೋಳಿ ಚಿತ್ರವಿರುವ ಪೈಜಾಮ ಕೊಂಡಳು. ಅಂಥದ್ದೇ ಒಂದು ಚಿಕ್ಕ ಅಳತೆಯಲ್ಲಿ ಮಗಳಿಗೂ ತಂದಳು. ಮಗಳು ಅದನ್ನು ಮೂರು ದಿನ ಮೈಮೇಲಿಂದ ಬಿಚ್ಚಲಿಲ್ಲ. ಅಲ್ಲಿಂದೀಚೆಗೆ ಚಿಕ್ಕಮ್ಮ ಶಾಲೆಗೆ ಬರುವಾಗ ಬಾತುಕೋಳಿಯದ್ದೇ ತೊಡಬೇಕೆಂದು ಹಠ ಹಿಡಿದಳು. ನಾನು ಹೊಸ ಸೀರೆ ಉಟ್ಟ ದಿನ ಆ ಹುಡುಗಿ ತಿರುಗಿಯೂ ನೋಡುವುದಿಲ್ಲ.

5ನೇ ತಾರೀಖು ಭಾನುವಾರ ಬೆಳಿಗ್ಗೆ 7.30ಕ್ಕೆ ಇಬ್ಬರೂ ಅದೇ ಜೋಡಿ ತೊಟ್ಟು ಹಾಲಿನ ಅಂಗಡಿಗೆ ಹೋದರು. ಹತ್ತು ಹೆಜ್ಜೆ ಹಿಂದೆ ನಾನಿದ್ದೆ. ಹಾಲಿನವನು ಹೊಸಬ. ಅವರಿಬ್ಬರನ್ನೂ ನೋಡಿ, ಅಮ್ಮ ಮಗಳು ಒಂದೇ ಅಚ್ಚು ಎಂದ. ಓರಗಿತ್ತಿ, ಅಲ್ಲಪ್ಪಾ ಚಿಕ್ಕಮ್ಮ ನಾನು ಎಂದು ತಕ್ಷಣ ಹೇಳಿದಳು. ಅದರಲ್ಲಿ ಆಕೆಯ ತಪ್ಪಿಲ್ಲ. ಮಗಳು ಮಾತ್ರ ಏನೂ ಹೇಳಲಿಲ್ಲ. ಹಿಂದೆ ನಾನು ನಿಂತಿರುವುದನ್ನು ನೋಡಿಯೂ ಹೇಳಲಿಲ್ಲ. ನನಗಾದದ್ದು ಹೊಟ್ಟೆಕಿಚ್ಚೇ ಎಂದು ಬರೆದುಕೊಳ್ಳಿ, ಬೇರೆ ಹೆಸರು ಹುಡುಕುವುದು ಬೇಡ.

6 ಮತ್ತು 7ನೇ ತಾರೀಖು ನಾನು ಅಂಗಡಿಯಲ್ಲಿ ಒಂದು ಅರ್ಜಿ ಇಟ್ಟೆ. ದೊಡ್ಡವರಾಗಲಿ ಮಕ್ಕಳಾಗಲಿ ಪೈಜಾಮ ತೊಟ್ಟು ಶಾಲೆಯ ಆವರಣಕ್ಕೆ ಬರಕೂಡದು ಎಂಬುದು ಅದರ ಸಾರಾಂಶ. ಬಟ್ಟೆ ಒಯ್ಯಲು ಬಂದ ಹದಿಮೂರು ಮಂದಿ ಪೋಷಕರು ಸಹಿ ಹಾಕಿದರು. ಬಟ್ಟೆಯ ಗಂಟು ನನ್ನ ಕೈಯಲ್ಲಿದ್ದದ್ದರಿಂದ ಯಾರೂ ಇಲ್ಲ ಎನ್ನಲಿಲ್ಲ. ಅವರಲ್ಲಿ ಇಬ್ಬರು ಪೈಜಾಮದಲ್ಲೇ ಬಂದು ಸಹಿ ಹಾಕಿದ್ದರು.

8ನೇ ತಾರೀಖು ಬೆಳಿಗ್ಗೆ 9.10ಕ್ಕೆ ಮುಖ್ಯೋಪಾಧ್ಯಾಯಿನಿಯವರಿಗೆ ಅರ್ಜಿ ಕೊಟ್ಟೆ. ಅವರು ಕನ್ನಡಕ ತೆಗೆದಿಟ್ಟು, ಮಕ್ಕಳು ಪೈಜಾಮ ತೊಟ್ಟರೆ ಯಾರಿಗೇನು ನಷ್ಟ, ಎದ್ದು ಬಂದದ್ದೇ ದೊಡ್ಡದು ಎಂದರು. ಹಾಗಾದರೆ ದೊಡ್ಡವರು ತೊಡಬಹುದೇ ಎಂದು ಕೇಳಿದೆ. ಎಷ್ಟು ವಯಸ್ಸಿಗೆ ಅದು ತಪ್ಪಾಗಲು ಶುರುವಾಗುತ್ತದೆ ಎಂದು ನೀವೇ ಹೇಳಿ ಎಂದು ತಿರುಗಿಸಿ ಕೇಳಿದರು. ಆದರೂ ಹದಿಮೂರು ಸಹಿ ಇದ್ದದ್ದರಿಂದ, 13ನೇ ತಾರೀಖಿನಿಂದ ಪೈಜಾಮ ತೊಟ್ಟ ದೊಡ್ಡವರು ಗೇಟಿನೊಳಗೆ ಬಾರದೆ ರಸ್ತೆಯಾಚೆಯ ದೀಪದ ಕಂಬದ ಬಳಿ ನಿಲ್ಲಬೇಕು, ಕಾವಲುಗಾರ ಮಗುವನ್ನು ರಸ್ತೆ ದಾಟಿಸಿ ಕಳಿಸಬೇಕು ಎಂದು ನೋಟಿಸ್ ಹಾಕಿಸಿದರು. ಅದಕ್ಕೂ ಮುಂಚೆ ಪೋಷಕರು ತರಗತಿಯ ಬಾಗಿಲಿಗೇ ಹೋಗುತ್ತಿದ್ದರು, ಟೀಚರ್ ಅವರ ಮುಖ ನೋಡಿ ಮಗುವನ್ನು ಒಪ್ಪಿಸುತ್ತಿದ್ದರು. ಈ ವ್ಯತ್ಯಾಸದಿಂದ ಮುಂದೆ ಏನಾಗಬಹುದೆಂದು ಯಾರೂ ಯೋಚಿಸಲಿಲ್ಲ. ನಾನಂತೂ ಇಲ್ಲ.

ಕಂಬದ ಬಳಿ ನಿಲ್ಲಬೇಕಾದ ನಾಚಿಕೆಗಾದರೂ ಓರಗಿತ್ತಿ ಬಟ್ಟೆ ಬದಲಿಸುತ್ತಾಳೆ ಎಂದುಕೊಂಡಿದ್ದೆ. 13ನೇ ತಾರೀಖು ಸೋಮವಾರ ಅಂಗಡಿಗೆ ಬೀಗ ಹಾಕಿ, 3.10ಕ್ಕೆ ಎದುರಿನ ಜೆರಾಕ್ಸ್ ಅಂಗಡಿಯೊಳಗೆ ನಿಂತು ನೋಡಿದೆ. ಆಕೆ ಬಾತುಕೋಳಿಯಲ್ಲೇ ಬಂದು ಕಂಬಕ್ಕೆ ಒರಗಿ ನಿಂತಳು. ಪೈಜಾಮದ ಇನ್ನಿಬ್ಬರು ತಾಯಂದಿರು, ಒಬ್ಬ ಅಜ್ಜ ಜೊತೆಗೂಡಿದರು. ನಾಚಿಕೆ ಹಾಗಿರಲಿ, ಅಲ್ಲಿ ಹರಟೆಕಟ್ಟೆಯೇ ಆಯಿತು. 3.15ಕ್ಕೆ ಕಾವಲುಗಾರ ಮಗಳನ್ನು ದಾಟಿಸಿದ. ಅವಳು ಕೈ ಬಿಡಿಸಿಕೊಂಡು ಕಂಬದವರೆಗೆ ಓಡಿ, ಚಿಕ್ಕಮ್ಮನ ಹೊಟ್ಟೆಗೆ ಮುಖ ಒತ್ತಿ ನಿಂತಳು. ಸಂಜೆ ನಾನು ಮನೆಗೆ ಹೋದಾಗ ಮಗಳು ಕುಳಿತಲ್ಲಿಂದಲೇ, ಬಂದ್ಯಾ ಎನ್ನುತ್ತಾಳೆ, ಅಷ್ಟೆ.

ಈ ದಿನ ಮಧ್ಯಾಹ್ನ 2.10ಕ್ಕೆ ಊಟಕ್ಕೆಂದು ಮನೆಗೆ ಹೋದವಳು ತಾರಸಿಗೆ ಹೋದೆ. ಹಗ್ಗದ ಮೇಲೆ ಬಾತುಕೋಳಿ ಪೈಜಾಮ ಇತ್ತು. ಒಗೆದದ್ದಲ್ಲ, ಒಮ್ಮೆ ತೊಟ್ಟದ್ದನ್ನು ಗಾಳಿಗೆ ಹಾಕುವುದು ಆಕೆಯ ಅಭ್ಯಾಸ. ಅದನ್ನು ಕಂಕುಳಲ್ಲಿ ಮಡಚಿಟ್ಟುಕೊಂಡು ಅಂಗಡಿಗೆ ತಂದೆ. ಕೇಳದೆ ತೆಗೆದುಕೊಂಡದ್ದು ನಿಜ, ಕಳ್ಳತನ ಎನ್ನುವುದಾದರೆ ಎನ್ನಿ. ಅಭ್ಯಾಸಬಲದಿಂದ ಮೇಜಿನ ಮೇಲೆ ಹರಡಿ ಇಸ್ತ್ರಿ ಪೆಟ್ಟಿಗೆ ಎತ್ತಿದೆ. ಗೆರೆ ಬಿದ್ದರೆ ಗುರುತು ಸಿಕ್ಕೀತೆಂದು ಕೆಳಗಿಟ್ಟೆ. ಪರದೆಯ ಹಿಂದೆ ಹೋಗಿ ತೊಟ್ಟುಕೊಂಡೆ. ಆಕೆ ತಲೆಗೆ ಸ್ನಾನ ಮಾಡಿದ ದಿನ ಟವೆಲ್ ಸುತ್ತಿಕೊಂಡೇ ಶಾಲೆಗೆ ಹೋಗುವುದುಂಟು. ನಾನೂ ಟವೆಲ್ ಸುತ್ತಿಕೊಂಡೆ.

ಮಗುವನ್ನು ಎತ್ತಿಕೊಂಡು ಹೋಗುವ ಉದ್ದೇಶವಿತ್ತೇ ಎಂದು ಸಬ್ ಇನ್‌ಸ್ಪೆಕ್ಟರ್ ಸಾಹೇಬರು ಕೇಳಿದ್ದಕ್ಕೆ, ನನ್ನ ಮಗಳನ್ನು ನಾನೇ ಯಾಕೆ ಕದಿಯಲಿ ಎಂದು ಉತ್ತರಿಸಿದ್ದೇನೆ. ಉದ್ದೇಶ ಒಂದೇ ಇತ್ತು. ಆ ಹುಡುಗಿ ಹಾಗೆ ಓಡಿ ಬರುವುದನ್ನು ಒಂದು ಸಲ ಈ ತುದಿಯಿಂದ ನೋಡಬೇಕಿತ್ತು.

2.50ಕ್ಕೆ ಹಿಂದಿನ ಓಣಿ ಹಿಡಿದು ಹೊರಟೆ. ಅಂಗಡಿಯಿಂದ ಕಂಬಕ್ಕೆ 600 ಮೀಟರ್. ಮೊದಲ ನೂರು ಮೀಟರ್ ನೆಲ ನೋಡಿಕೊಂಡು ನಡೆದೆ. ದಿನವೂ ಮಾತನಾಡಿಸುವ ಇಬ್ಬರು ಗಿರಾಕಿಗಳು ಎದುರಾದರೂ ಗುರುತಿಸಲಿಲ್ಲ. ಆಮೇಲೆ ಹಾಯೆನಿಸಿತು. ಸೊಂಟಕ್ಕೆ ಬಿಗಿ ಇಲ್ಲ, ಕಾಲಿಗೆ ತೊಡಕಿಲ್ಲ, ಕೈ ಜೇಬಿನಲ್ಲಿ. ಈ ಸುಖ ಬಿಟ್ಟು ಯಾರಾದರೂ ಯಾಕೆ ಬೇರೆ ಬಟ್ಟೆ ತೊಡುತ್ತಾರೆ ಎನಿಸಿ ಇನ್ನಷ್ಟು ಹೊಟ್ಟೆ ಉರಿಯಿತು.

3.08ಕ್ಕೆ ಕಂಬ ತಲುಪಿದೆ. 3.15ಕ್ಕೆ ಕಾವಲುಗಾರ ಹಳದಿ ಬಣ್ಣ ನೋಡಿ ಕೈ ಬೀಸಿ, ಮಗಳನ್ನು ದಾಟಿಸಿದ. ನನ್ನ ಮುಖ ಆತ ನೋಡಲಿಲ್ಲ. ಆತನನ್ನು ಕೆಲಸದಿಂದ ತೆಗೆಯಬಾರದೆಂದು ಈ ಹೇಳಿಕೆಯಲ್ಲಿ ಕೇಳಿಕೊಳ್ಳುತ್ತೇನೆ. ಮಗಳು ಓಡಿಬಂದಳು. ಚೀಲ ಬೆನ್ನಿನ ಮೇಲೆ ಕುಣಿಯುತ್ತಿತ್ತು. ಬಂದವಳೇ ನನ್ನನ್ನು ತಬ್ಬಿ ಹೊಟ್ಟೆಗೆ ಮುಖ ಒತ್ತಿದಳು. ಮುಖ ಎತ್ತದೆಯೇ ಮಗಳು ಹೇಳಿದ್ದು ಹೀಗೆ: "ಚಿಕ್ಕಮ್ಮ, ಇವತ್ತೂ ಯೂನಿಫಾರ್ಮ್ ಮೇಲೆ ಬಣ್ಣ ಚೆಲ್ಕೊಂಬಿಟ್ಟೆ. ಆವತ್ತಿನ ಥರ ಅಮ್ಮಂಗೆ ಗೊತ್ತಾಗೋಕ್ಕೆ ಮುಂಚೆ ತೊಳೆದುಬಿಡೋಣ."

ಊರಿನವರ ಬಟ್ಟೆಯ ಕಲೆ ನೋಡಿ ಅದು ಏತರದ್ದು, ಎಷ್ಟು ದಿನದ್ದು ಎಂದು ಹೇಳುವವಳು ನಾನು. ನನ್ನ ಮಗಳ ಯೂನಿಫಾರ್ಮಿಗೆ ಎಷ್ಟು ಸಲ ಬಣ್ಣ ಬಿದ್ದಿದೆ, ಎಷ್ಟು ಸಲ ಮೇಲ್ಮನೆಯಲ್ಲಿ ತೊಳೆದು ಒಣಗಿಸಿದ್ದಾರೆ ಎಂದು ನನಗೆ ಈಗಲೂ ಗೊತ್ತಿಲ್ಲ. ನಾನು ಆಗಲಿ ಎಂದೆ. ದನಿ ಕೇಳಿ ಮಗಳು ತಲೆ ಎತ್ತಿದಳು. ನನ್ನನ್ನು ನೋಡಿದಳು. ಕೈ ಬಿಟ್ಟು ಒಂದು ಹೆಜ್ಜೆ ಹಿಂದೆ ಸರಿದು, ಕಾಲರ್ ಸರಿಮಾಡಿಕೊಂಡು, ಕಲೆಯ ಮೇಲೆ ಕೈ ಇಟ್ಟು ನೆಟ್ಟಗೆ ನಿಂತಳು. ನಾನು ಅವಳಿಗೆ ಒಂದು ದಿನವೂ ಹೊಡೆದವಳಲ್ಲ.

ಆಮೇಲೆ ಮನೆಗೆ ಹೋಗಲು ನನಗೆ ಮನಸ್ಸಾಗಲಿಲ್ಲ. ಹೋದರೆ ಅವಳು ಮೆಟ್ಟಿಲು ಹತ್ತುತ್ತಾಳೆ. ಶಾಲೆಯಿಂದ ಒಂದೂವರೆ ಕಿಲೋಮೀಟರ್ ದೂರದ ಉದ್ಯಾನಕ್ಕೆ ನಡೆಸಿಕೊಂಡು ಹೋದೆ. ದಾರಿಯಲ್ಲಿ ಅವಳು ನನ್ನ ಪೈಜಾಮವನ್ನೇ ನೋಡುತ್ತಿದ್ದಳು. ಅಮ್ಮಾ, ನಿಂಗೆ ಹುಷಾರಿಲ್ವಾ ಎಂದು ಒಮ್ಮೆ ಕೇಳಿದಳು. ಚೆನ್ನಾಗಿದ್ದೇನೆ ಎಂದೆ. ಅಂಗಡಿ ಯಾರು ನೋಡ್ಕೋತಾರೆ ಎಂದಳು. ಬೀಗ ನೋಡಿಕೊಳ್ಳುತ್ತದೆ ಎಂದೆ. ಆಗ ಸ್ವಲ್ಪ ನಕ್ಕಳು. 3.50ಕ್ಕೆ ನೀರಿನ ಟ್ಯಾಂಕಿನ ಪಕ್ಕದ ಸಿಮೆಂಟ್ ಬೆಂಚಿನ ಮೇಲೆ ಕುಳಿತೆವು. ಅವಳು ನನಗೆ ಒರಗಿದಳು, ಮೂಗನ್ನು ಬಟ್ಟೆಗೆ ಒತ್ತಿದಳು, 4.05ರ ಹೊತ್ತಿಗೆ ನನ್ನ ತೊಡೆಯ ಮೇಲೆ ನಿದ್ದೆಹೋದಳು.

ಅದು ಓರಗಿತ್ತಿಯ ಮೈಯ ವಾಸನೆಗೆ ಬಂದ ನಿದ್ದೆ ಎಂದು ನನಗೆ ಗೊತ್ತಿತ್ತು. ಗೊತ್ತಿದ್ದೂ ಅಲುಗಾಡಲಿಲ್ಲ. ಜೇಬಿನಲ್ಲಿ ಫೋನ್ ಏಳೆಂಟು ಸಲ ಅದುರಿತು. ತೆಗೆಯಲು ಹೋದರೆ ಮಗು ಎಚ್ಚರವಾಗುತ್ತದೆಂದು ಬಿಟ್ಟೆ. ಕೊನೆಗೆ ಎರಡು ಬೆರಳಿನಲ್ಲಿ ಜೇಬಿನೊಳಗೇ ಅದರ ಬಾಯಿ ಮುಚ್ಚಿಸಿದೆ. ಫೋನ್ ಆರಿಸಿದ್ದು ತಪ್ಪಿಸಿಕೊಳ್ಳಲೆಂದೇ ಎಂಬ ಪ್ರಶ್ನೆಗೆ ಇದೇ ನನ್ನ ಉತ್ತರ.

ಅಷ್ಟರಲ್ಲಿ ಶಾಲೆಯ ಬಳಿ ನಡೆದದ್ದನ್ನು ಆಮೇಲೆ ಕೇಳಿ ತಿಳಿದಿದ್ದೇನೆ. ಓರಗಿತ್ತಿ ತಾರಸಿಯೆಲ್ಲ ಹುಡುಕಿ, ಬಾತುಕೋಳಿ ಸಿಗದೆ, ಮೈಮೇಲಿದ್ದ ಬೂದು ಬಣ್ಣದ ಹಳೆಯ ಪೈಜಾಮದಲ್ಲೇ 3.24ಕ್ಕೆ ಕಂಬದ ಬಳಿ ಬಂದಳು. ಮಗು ಎಲ್ಲಿ ಎಂದು ಕೇಳಿದಾಗ ಕಾವಲುಗಾರ, ಬಾತುಕೋಳಿಯವರು ಆಗಲೇ ಕರ್ಕೊಂಡು ಹೋದ್ರಲ್ಲ, ನೀವ್ಯಾರು ಎಂದ. ಬಾತುಕೋಳಿಯವಳು ನಾನೇ ಎಂದು ಆಕೆ ಎಷ್ಟು ಹೇಳಿದರೂ ಆತ ನಂಬಲಿಲ್ಲ. ಆಕೆ ಅಳುತ್ತಾ ಮೂರು ಬೀದಿ ಓಡಾಡಿ, ನನ್ನ ಅಂಗಡಿಗೆ ಬೀಗ ಬಿದ್ದಿರುವುದನ್ನು ಕಂಡು, 4.00ಕ್ಕೆ ಇದೇ ಠಾಣೆಯಲ್ಲಿ ದೂರು ಕೊಟ್ಟಳು. ಮಗಳು ಕಳೆದಿದ್ದಾಳೆಂದು ಅಕ್ಕನಿಗೆ ಯಾವ ಬಾಯಲ್ಲಿ ಹೇಳಲಿ ಎಂದು ಇಲ್ಲಿಯ ಮಹಿಳಾ ಕಾನ್ಸ್‌ಟೇಬಲ್ ಅವರ ಬಳಿ ಗೋಳಾಡಿದಳಂತೆ. ಆಕೆ ಪಟ್ಟ ಈ ಸಂಕಟಕ್ಕೆ ನಾನೇ ಕಾರಣ, ಬೇರೆ ಯಾರೂ ಅಲ್ಲ.

5.25ಕ್ಕೆ ಬಾತುಕೋಳಿ ಪೈಜಾಮದ ಗುರುತು ಕೇಳಿಕೊಂಡು ಕಾನ್ಸ್‌ಟೇಬಲ್ ಅವರೂ ಓರಗಿತ್ತಿಯೂ ಸ್ಕೂಟರಿನಲ್ಲಿ ಉದ್ಯಾನಕ್ಕೆ ಬಂದರು. ಓರಗಿತ್ತಿಯ ಒಂದು ಕಾಲಲ್ಲಿ ಚಪ್ಪಲಿ ಇರಲಿಲ್ಲ. ಮೊದಲು ಮಗುವನ್ನು ನೋಡಿದಳು, ಆಮೇಲೆ ಪೈಜಾಮ, ಆಮೇಲೆ ನನ್ನ ಮುಖ. ಬೈಯುತ್ತಾಳೆಂದು ಕಾದೆ. ಆಕೆ ನೆಲದ ಮೇಲೆ ಕುಸಿದು ಕುಳಿತು, ಅಳುವನ್ನೂ ನಗುವನ್ನೂ ಒಟ್ಟಿಗೆ ಮಾಡುತ್ತಾ, ಅಕ್ಕಾ, ಕೇಳಿದ್ರೆ ನಾನೇ ಕೊಡ್ತಿರ್ಲಿಲ್ವಾ ಎಂದಳು. ಆಕೆ ಹಾಗೆಂದದ್ದು ಪೈಜಾಮದ ಬಗ್ಗೆ ಎಂದು ಭಾವಿಸಿದ್ದೇನೆ. ಆಕೆಗೆ ಈಗ ನನ್ನ ಮೇಲೆ ದೂರಿಲ್ಲ. ಆಕೆಯ ಮೇಲೆ ನನಗೆ ಇರುವುದು ದೂರಲ್ಲ.

ಓರಗಿತ್ತಿ ಅಳುವ ಸದ್ದಿಗೆ ಮಗಳು ಕಣ್ಣು ಬಿಟ್ಟಳು. ಎದುರಿಗೆ ಚಿಕ್ಕಮ್ಮ ಕುಳಿತಿದ್ದಳು. ಕಾನ್ಸ್‌ಟೇಬಲ್ ಬಗ್ಗಿ, ಪುಟ್ಟಿ, ಯಾರ ಜೊತೆ ಮನೆಗೆ ಹೋಗ್ತೀಯಾ ಎಂದು ಕೇಳಿದರು. ಆ ಪ್ರಶ್ನೆ ಕೇಳಬಾರದಿತ್ತು. ನಾನು ಮಗುವಿನ ಮೇಲಿದ್ದ ಕೈಯನ್ನು ಆಗಲೇ ತೆಗೆದುಬಿಟ್ಟಿದ್ದೆ. ಮಗಳು ಚಿಕ್ಕಮ್ಮನನ್ನು ನೋಡಿದಳು, ತಲೆ ತಿರುಗಿಸಿ ನನ್ನನ್ನು ನೋಡಿದಳು. "ಚಿಕ್ಕಮ್ಮ, ನೀ ಹೋಗು. ನಾನು ಅಮ್ಮನ ಜೊತೆ ಆಮೇಲೆ ಬರ್ತೀನಿ" ಎಂದು ಹೇಳಿ ಮತ್ತೆ ಕಣ್ಣು ಮುಚ್ಚಿದಳು.

ನಿದ್ದೆಗಣ್ಣಿನಲ್ಲಿ ಮಗು ಆಡಿದ ಮಾತಿಗೆ ಬೆಲೆಯಿಲ್ಲ, ಪ್ರಕರಣಕ್ಕೆ ಅದು ಬೇಕೂ ಇಲ್ಲ ಎಂದು ಠಾಣೆಯ ಬರಹಗಾರರು ಹೇಳಿದರು. ಅದು ನನಗೂ ಗೊತ್ತಿದೆ. ಆದರೂ ಆ ಮಾತನ್ನು ಬಿಡದೆ ಬರೆಯಬೇಕೆಂದು ಹಠ ಮಾಡಿ, ಎರಡು ಸಲ ಹೇಳಿ ಬರೆಸಿದ್ದೇನೆ.

ಬರೆದದ್ದನ್ನು ನನಗೆ ಓದಿ ಹೇಳಲಾಯಿತು. ಎಲ್ಲವೂ ನಾನು ಹೇಳಿದ ಹಾಗೆಯೇ ಇದೆ, ಕೂಡಿಸಿದ್ದೂ ಬಿಟ್ಟದ್ದೂ ಏನಿಲ್ಲ.

ಸ್ಥಳ: ಪೊಲೀಸ್ ಠಾಣೆ
ದಿನಾಂಕ: 14, ಮಂಗಳವಾರ, ಸಂಜೆ 7.55
ಸಹಿ: (ಹೇಳಿಕೆ ಕೊಟ್ಟವರು, ಇಸ್ತ್ರಿ ಅಂಗಡಿ)
ಸಾಕ್ಷಿ ಸಹಿ: (ಓರಗಿತ್ತಿ)